ಪುನರುತ್ಥಾನವಿಲ್ಲದೆ ಕ್ರೈಸ್ತ ನಂಬಿಕೆ ನಿಲ್ಲುವುದೇ?

ಪ್ರಶ್ನೆ:
ನಾನು ಕ್ರೈಸ್ತನಲ್ಲ, ಆದರೆ ಯೇಸುವಿನ ಬೆಟ್ಟದ ಮೇಲಣ ಪ್ರಸಂಗವನ್ನು ಓದಿ ಮೆಚ್ಚಿದವನು. ಶತ್ರುಗಳನ್ನೂ ಪ್ರೀತಿಸಿರಿ ಎಂಬ ಮಾತಿಗೆ ಬೆಲೆ ಬರಲು, ಅದನ್ನು ಹೇಳಿದವರು ಸತ್ತ ಮೂರನೆಯ ದಿನ ಎದ್ದುಬರಲೇಬೇಕಿತ್ತೇ? ಆತ್ಮಕ್ಕೆ ಸಾವಿಲ್ಲವೆಂದು ಕೇಳುತ್ತಲೇ ಬೆಳೆದ ನನಗೆ, ದೇಹದ ವಿಷಯದಲ್ಲಿ ಇಷ್ಟು ಪಟ್ಟು ಏಕೆಂಬುದೂ ತಿಳಿಯದು.

ಉತ್ತರ 1:
ಕ್ರಿ.ಶ. 50ರ ದಶಕದಲ್ಲೇ, ಗ್ರೀಸಿನ ಕೊರಿಂಥದ ಕ್ರೈಸ್ತ ಸಭೆಯೊಳಗೆ, ಸತ್ತವರು ಏಳುವುದಿಲ್ಲ ಎನ್ನುವವರಿದ್ದರು. ಅವರಿಗೆ ಬರೆದ ಮೊದಲ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ ಕ್ರಿಸ್ತನ ಅಪೊಸ್ತಲನಾದ (ಸಾರಲು ಕಳುಹಿಸಲ್ಪಟ್ಟವನಾದ) ಪೌಲನು ಜಾರಿಕೊಳ್ಳಲು ತನಗೂ ದಾರಿ ಉಳಿಸಿಕೊಂಡಿಲ್ಲ: ಕ್ರಿಸ್ತನು ಎದ್ದಿಲ್ಲವಾದರೆ ನಾವು ಸಾರಿದ್ದೂ ವ್ಯರ್ಥ, ನೀವು ನಂಬಿದ್ದೂ ವ್ಯರ್ಥ, ದೇವರ ವಿಷಯದಲ್ಲಿ ನಾವು ಸುಳ್ಳುಸಾಕ್ಷಿಗಳು ಎನ್ನುತ್ತಾನೆ. ಅದಕ್ಕೂ ಮುಂಚೆ, ತಾನು ಇತರರಿಂದ ಪಡೆದದ್ದನ್ನೇ ಒಪ್ಪಿಸುತ್ತಿರುವುದಾಗಿ ತಿಳಿಸಿ, ಎದ್ದ ಕ್ರಿಸ್ತನನ್ನು ಕಂಡವರನ್ನು ಹೆಸರಿಸುತ್ತಾನೆ. ಕೇಫ (ಎಂದರೆ ಪೇತ್ರ), ಹನ್ನೆರಡು ಮಂದಿ ಶಿಷ್ಯರು, ಐನೂರಕ್ಕೂ ಹೆಚ್ಚು ಸಹೋದರರು, ಯಾಕೋಬ, ಕಟ್ಟಕಡೆಗೆ ತಾನು. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆಂಬ ಮಾತು, ಬೇಕಿದ್ದರೆ ಹೋಗಿ ವಿಚಾರಿಸಿ ಎಂದಂತಿದೆ. ಇದರಿಂದ ಘಟನೆ ಸಾಬೀತಾಯಿತೆಂದು ನಾನು ವಾದಿಸುವುದಿಲ್ಲ; ಈ ನಂಬಿಕೆಯನ್ನು ಮುಂದೆ ಯಾರೋ ಅಂಟಿಸಿದರೆನ್ನಲು ಮಾತ್ರ ಆಗದು.

ಉತ್ತರ 2:
ಆತ್ಮ ಅಮರವೆಂದಷ್ಟೇ ಹೇಳಿದ್ದರೆ ಗ್ರೀಕರಲ್ಲಿ ಅನೇಕರು ತಲೆದೂಗುತ್ತಿದ್ದರು. ಅಥೇನೆಯಲ್ಲಿ ಕೆಲವರು ಪೌಲನನ್ನು ಗೇಲಿ ಮಾಡಿದ್ದು ಸತ್ತವರು ಏಳುವ ಮಾತೆತ್ತಿದಾಗಲೇ. ಯೆಹೂದ್ಯರಲ್ಲಿ ಸದ್ದುಕಾಯರೆಂಬ ಪಂಗಡದವರು ಅದನ್ನು ಒಪ್ಪುತ್ತಿರಲಿಲ್ಲ. ಒಪ್ಪುತ್ತಿದ್ದ ಫರಿಸಾಯರೆಂಬ ಇನ್ನೊಂದು ಪಂಗಡದವರಿಗೂ ಅದು ಯುಗಾಂತ್ಯದಲ್ಲಿ ನಡೆಯಬೇಕಾದದ್ದು. ಒಬ್ಬನೇ, ಅದೂ ಶಿಲುಬೆಯ ಮೇಲೆ ಸತ್ತವನು, ನಡುವೆಯೇ ಎದ್ದನೆಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ. ಯೇಸು ಸಮಾಧಿಯಿಂದ ಎಬ್ಬಿಸಿದ ಲಾಜರನ ಸಂಗತಿ ಬೇರೆ, ಅವನು ಮತ್ತೆ ಸಾಯಬೇಕಾದವನು. ಪೌಲನು ಕೊಡುವ ಹೋಲಿಕೆ ಬಿತ್ತಿದ ಕಾಳಿನದು: ಮಣ್ಣಿಗೆ ಬಿದ್ದದ್ದೂ ಮೇಲೆದ್ದ ಪೈರೂ ಒಂದೇ ರೂಪದವಲ್ಲ, ಆದರೂ ಬೇರೆ ಬೇರೆಯಲ್ಲ. ದೇವರು ತಾನು ಸೃಷ್ಟಿಸಿದ ದೇಹವನ್ನು ಹಳೆಯ ಬಟ್ಟೆಯಂತೆ ಕಳಚಿ ಬಿಸಾಡುವುದಿಲ್ಲ ಎಂಬುದೇ ದೇಹದ ವಿಷಯದಲ್ಲಿ ಅಷ್ಟು ಪಟ್ಟು ಹಿಡಿಯಲು ಕಾರಣ.

ಉತ್ತರ 3:
ನಿಮ್ಮ ಮೊದಲ ಪ್ರಶ್ನೆಗೆ, ಕಥೋಲಿಕಳಾಗಿ ಒಂದು ಮಾತು. ಶತ್ರುಗಳನ್ನು ಪ್ರೀತಿಸಿರಿ ಎಂದವರನ್ನು ಶತ್ರುಗಳೇ ಕೊಂದರು. ಕಥೆ ಅಲ್ಲಿಗೇ ಮುಗಿದಿದ್ದರೆ ಆ ಬೋಧನೆ ಸೋತ ಸಜ್ಜನರೊಬ್ಬರ ಹಂಬಲವಾಗಿ ಉಳಿಯುತ್ತಿತ್ತು. ಅವರನ್ನು ಎಬ್ಬಿಸುವ ಮೂಲಕ ದೇವರು ಅದಕ್ಕೆ ತಮ್ಮ ಒಪ್ಪಿಗೆಯ ಮುದ್ರೆಯೊತ್ತಿದರೆಂದು ನಾವು ನಂಬುತ್ತೇವೆ. ಪಾಸ್ಖದ (ಈಸ್ಟರ್ ಹಬ್ಬದ) ಹಿಂದಿನ ರಾತ್ರಿ ದೀಪಗಳೆಲ್ಲ ಆರಿದ ದೇವಾಲಯದ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಗುರುಗಳು ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆಯನ್ನೂ ಆ ವರ್ಷದ ನಾಲ್ಕು ಅಂಕೆಗಳನ್ನೂ ಕೊರೆದು, ಐದು ಗಾಯಗಳ ಗುರುತಾಗಿ ಐದು ಧೂಪದ ಕಾಳುಗಳನ್ನು ಚುಚ್ಚುತ್ತಾರೆ. ಎದ್ದುಬಂದವರ ಮೈಮೇಲೂ ಆ ಗಾಯಗಳು ಮಾಸಿರಲಿಲ್ಲವಲ್ಲ. ಮಗುವಿನ ದೀಕ್ಷಾಸ್ನಾನದಲ್ಲಿ ಹಚ್ಚುವುದೂ, ಕೊನೆಗೆ ಶವಪೆಟ್ಟಿಗೆಯ ಬಳಿ ಇಡುವುದೂ ಅದೇ ಮೇಣದಬತ್ತಿಯನ್ನು.