ಅಪ್‌ಡೇಟ್: ಅಮ್ಮನ ನರದ ನೋವಿನ ಮಾತ್ರೆ ವಿಚಾರ

ಮೂರು ತಿಂಗಳ ಹಿಂದೆ ಕೇಳಿದ್ದೆ: ಸರ್ಪಸುತ್ತು ಒಣಗಿ ವರ್ಷವಾದರೂ ಅಮ್ಮನಿಗೆ ಎಡ ಪಕ್ಕೆಯಲ್ಲಿ ಉರಿ ಹೋಗಿಲ್ಲ, ಪ್ರಿಗ್ಯಾಬಲಿನ್ ಕೊಡೋದಾ, ಅಮಿಟ್ರಿಪ್ಟಿಲಿನ್ ಕೊಡೋದಾ ಅಂತ. ಸೆರಗು ತಾಗಿದರೂ ಬೆಚ್ಚಿಬೀಳುತ್ತಿದ್ದರು. ಪ್ಯಾರಾಸಿಟಮಾಲ್ ನುಂಗಿ ನುಂಗಿ ಸಾಕಾಗಿತ್ತು.

ಮೊದಲು ಸಕಲೇಶಪುರದಲ್ಲಿ ಒಬ್ಬರು ಪ್ರಿಗ್ಯಾಬಲಿನ್ 75 ಮಿ.ಗ್ರಾಂ ಎರಡು ಹೊತ್ತು ಬರೆದರು. ಉರಿ ತಗ್ಗಿತು ನಿಜ. ಆದರೆ ಐದನೇ ದಿನ ಕಾಫಿ ಕಣದಲ್ಲಿ ಬೀಜ ಹರಡುತ್ತಿದ್ದವರು ಹಾಗೇ ಕೂತುಬಿಟ್ಟರು, 'ನೆಲ ತೊಟ್ಟಿಲಿನಂತೆ ತೂಗ್ತಿದೆ ಕಣೋ' ಅಂದರು. ಕಾಲೂ ಊದಿತ್ತು.

ಹಾಸನಕ್ಕೆ ಕರೆದುಕೊಂಡು ಹೋದೆ. ನರರೋಗ ತಜ್ಞರು ಮೊದಲು ಕೇಳಿದ್ದೇ ಕ್ರಿಯಾಟಿನಿನ್ ರಿಪೋರ್ಟ್, ಅಂದರೆ ಮೂತ್ರಪಿಂಡ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ. ನಾವು ಮಾಡಿಸಿಯೇ ಇರಲಿಲ್ಲ! ಬಂದದ್ದು 1.6, ಇರಬೇಕಾದ್ದಕ್ಕಿಂತ ಹೆಚ್ಚು. ಪ್ರಿಗ್ಯಾಬಲಿನ್ ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ, ಮೂತ್ರಪಿಂಡ ದುರ್ಬಲವಾಗಿದ್ದರೆ ಡೋಸ್ ಇಳಿಸಲೇಬೇಕಂತೆ. ಹಾಗಾದರೆ ಅಮಿಟ್ರಿಪ್ಟಿಲಿನ್? ಇಸಿಜಿ ನೋಡಿ, ಬೇಡ ಅಂದರು. ಎಪ್ಪತ್ತೆರಡರ ವಯಸ್ಸು, ಮೊದಲೇ ಮಲಬದ್ಧತೆ. ಅದು ಬಾಯಿ ಒಣಗಿಸುತ್ತೆ, ರಾತ್ರಿ ಎದ್ದಾಗ ತೂರಾಡಿಸುತ್ತೆ. ಅದನ್ನು 'ಮನಸ್ಸಿನ ಕಾಯಿಲೆ ಮಾತ್ರೆ' ಅಂತ ಹೆದರಿಸಿದ್ದ ನಮ್ಮ ಅಂಗಡಿಯವನ ಮಾತು ಮಾತ್ರ ಪೂರ್ತಿ ಸರಿಯಲ್ಲ, ಖಿನ್ನತೆಗೆ ಕೊಡುವ ಮಾತ್ರೆಯೇ ಆದರೂ ನರದ ನೋವಿಗೆ ಕಡಿಮೆ ಡೋಸಿನಲ್ಲಿ ಕೊಡುವುದು ಸಾಮಾನ್ಯವೇ.

ಈಗ ರಾತ್ರಿ ಒಂದೇ ಪ್ರಿಗ್ಯಾಬಲಿನ್, ಪಕ್ಕೆಗೆ ಮರಗಟ್ಟಿಸುವ ಲಿಡೊಕೇನ್ ಜೆಲ್. ಮಾತ್ರೆ ತಟ್ಟನೆ ನಿಲ್ಲಿಸಬೇಡಿ ಅಂತ ಚೀಟಿಯಲ್ಲೇ ಬರೆದಿದ್ದಾರೆ. ಪೂರ್ತಿ ಹೋಗಿಲ್ಲ. ಹತ್ತಕ್ಕೆ ಎಂಟು ಅನ್ನುತ್ತಿದ್ದವರು ಈಗ ನಾಲ್ಕು ಅನ್ನುತ್ತಾರೆ. ಮೊನ್ನೆ ಹೊಸ ರೇಷ್ಮೆ ಸೀರೆ ಉಟ್ಟು ಮದುವೆಗೆ ಬಂದರು, ಊಟ ಮುಗಿಯುವವರೆಗೂ ಕೂತಿದ್ದರು.