ಪದಚರ್ಚೆ: ‘ಸೆಕ್ಸ್’ಗೂ ಲಿಂಗ, ‘ಜೆಂಡರ್’ಗೂ ಲಿಂಗವೇ?

ಎಲ್ಲರಿಗೂ ನಮಸ್ಕಾರ. ಒಂದು ವಾಕ್ಯವನ್ನು ಕನ್ನಡಕ್ಕೆ ತರಲು ಹೋಗಿ ಸಿಕ್ಕಿಕೊಂಡಿದ್ದೇನೆ.

ನನ್ನ ಅಕ್ಕ ಇರುವುದು ಅಮೆರಿಕದ ನೆವಾಡಾದಲ್ಲಿ. ಅಲ್ಲಿ ಒಂದೊಂದು ರಾಜ್ಯಕ್ಕೂ ಅದರದೇ ಸಂವಿಧಾನ. ನೆವಾಡಾದ ಸಂವಿಧಾನ ತಿದ್ದಲು ಶಾಸಕರು ಒಪ್ಪಿದರೆ ಸಾಲದು, ಜನರೂ ಓಟು ಹಾಕಿ ಒಪ್ಪಬೇಕು. ಸಮಾನ ಹಕ್ಕಿನ ತಿದ್ದುಪಡಿಗೆ 2019ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ಶಾಸನಸಭೆ ಹೂಂ ಅಂದಿತು. 2022ರ ನವೆಂಬರ್‌ನಲ್ಲಿ ಅದು ‘ಪ್ರಶ್ನೆ 1’ ಆಗಿ ಮತಪತ್ರಕ್ಕೆ ಬಂತು. ನೂರಕ್ಕೆ 58ಕ್ಕಿಂತ ಜಾಸ್ತಿ ಜನ ಹೌದು ಎಂದರು. ‘ನಾನೂ ಹಾಕಿದೆ ಕಣೋ, ಅದೇನು ಅಂತ ಅಮ್ಮನಿಗೆ ಕನ್ನಡದಲ್ಲಿ ಬರೆದುಕೊಡು’ ಎಂದಳು ಅಕ್ಕ. ಆಗ ಶುರುವಾದ ತಲೆನೋವು ಇನ್ನೂ ಬಿಟ್ಟಿಲ್ಲ.

ಕಾನೂನಿನ ಎದುರು ಸಮಾನ ಹಕ್ಕನ್ನು ಯಾವ್ಯಾವ ಕಾರಣಕ್ಕೆ ನಿರಾಕರಿಸಬಾರದು ಎಂದು ತಿದ್ದುಪಡಿಯ ಆ ವಾಕ್ಯ ಪಟ್ಟಿ ಕೊಡುತ್ತದೆ. ಜನಾಂಗ, ಬಣ್ಣ, ನಂಬಿಕೆ ಆದಮೇಲೆ ಸೆಕ್ಸ್ (ದೇಹದಿಂದ ಗಂಡೋ ಹೆಣ್ಣೋ ಎಂಬುದು), ಸೆಕ್ಸುವಲ್ ಓರಿಯೆಂಟೇಶನ್ (ಮನಸ್ಸು ಯಾರ ಕಡೆ ಸೆಳೆಯುತ್ತದೆ ಎಂಬುದು), ಜೆಂಡರ್ ಐಡೆಂಟಿಟಿ (ತಾನು ಗಂಡೋ ಹೆಣ್ಣೋ ಬೇರೆಯೋ ಎಂದು ಒಬ್ಬರು ತಮ್ಮನ್ನು ತಾವೇ ಗುರುತಿಸಿಕೊಳ್ಳುವುದು) ಮೂರೂ ಸಾಲಾಗಿ ನಿಂತಿವೆ. ಒರೆಗಾನ್ ರಾಜ್ಯದವರು 2014ರಲ್ಲಿ ಇಂಥದ್ದೇ ತಿದ್ದುಪಡಿಯನ್ನು ಓಟಿನಲ್ಲಿ ಗೆಲ್ಲಿಸಿದಾಗ ಅದರಲ್ಲಿ ಸೆಕ್ಸ್ ಒಂದೇ ಇತ್ತು. ‘ಲಿಂಗದ ಕಾರಣಕ್ಕೆ’ ಎಂದು ಬರೆದು ಮುಗಿಸಬಹುದಿತ್ತು.

ನಮ್ಮ ಸಂವಿಧಾನದ 15ನೇ ವಿಧಿಯ ಕನ್ನಡದಲ್ಲೂ ‘ಲಿಂಗ’ ಒಂದೇ. ಜೆಂಡರ್ ಐಡೆಂಟಿಟಿಯೂ ಅದರೊಳಗೇ ಬರುತ್ತದೆ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನೆವಾಡಾದವರು ಎರಡನ್ನೂ ಬೇರೆ ಬೇರೆ ಎಣಿಸಿದ್ದಾರೆ. ಎರಡಕ್ಕೂ ಲಿಂಗ ಎಂದರೆ ಹೇಳಿದ್ದನ್ನೇ ಹೇಳಿದಂತೆ. ಸೆಕ್ಸ್ ಅಂತಲೇ ಬಿಡೋಣ ಅಂದ್ರೆ ಕನ್ನಡದಲ್ಲಿ ಆ ಪದಕ್ಕೆ ಇರುವ ಅರ್ಥವೇ ಬೇರೆ, ಅಲ್ವಾ? ಅಮ್ಮನಿಗೆ ಕಳಿಸುವ ಕಾಗದ ಬೇರೆ!

‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಮಾತು ಈಗ ಬಳಕೆಯಲ್ಲಿದೆ. ಹಾಗಾಗಿ ಸೆಕ್ಸ್‌ಗೆ ಲಿಂಗ, ಜೆಂಡರ್‌ಗೆ ಲಿಂಗತ್ವ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಆದರೆ ಒಂದು ‘ತ್ವ’ದ ಮೇಲೆ ಇಷ್ಟು ಭಾರ ಹೊರಿಸಬಹುದೇ? ನಡುವಿನ ಸೆಕ್ಸುವಲ್ ಓರಿಯೆಂಟೇಶನ್‌ಗೆ ‘ಲೈಂಗಿಕ ಒಲವು’ ಸರಿ ಕಾಣುತ್ತದೆ. ‘ಅಭಿರುಚಿ’ ಎಂದು ಬರೆಯುವವರೂ ಇದ್ದಾರೆ, ನನಗೆ ಹಿಡಿಸಲಿಲ್ಲ. ಅಭಿರುಚಿ ಅನ್ನುವುದು ಸೀರೆ, ಸಂಗೀತದ ವಿಷಯಕ್ಕೆ.

ಇನ್ನು ಪಾಪ್ಯುಲರ್ ವೋಟ್, ಅಂದರೆ ತಿದ್ದುಪಡಿಗೆ ಜನರೇ ನೇರವಾಗಿ ಹಾಕಿದ ಓಟು. ಅನುವಾದದ ಆ್ಯಪ್ ‘ಜನಪ್ರಿಯ ಮತ’ ಎಂದು ಕೊಟ್ಟಿತು. ನೆವಾಡಾದಲ್ಲಿ ಹೊಸ ಧರ್ಮ ಹುಟ್ಟಿದ ಹಾಗಿದೆ! ‘ಜನಮತಗಣನೆ’ ಇದೆ, ಆದರೆ ಅದನ್ನು ಕೇಳಿದರೆ ದೇಶ ಒಡೆಯುವ ಸುದ್ದಿಯೇ ನೆನಪಾಗುತ್ತದೆ. ‘ಜನರ ಓಟಿನಿಂದ’ ಎಂದರೆ ತೀರಾ ಸಪ್ಪೆಯೇ?

ಕರಡನ್ನು ಅಮ್ಮನಿಗೆ ಓದಿ ಹೇಳಿದೆ. ‘ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅಂತ ತಾನೇ? ಹಾಗೇ ಬರಿ’ ಎಂದರು. ಸೆಕ್ಸ್‌ಗೆ ಅದು ಲಿಂಗಕ್ಕಿಂತ ಚೆನ್ನಾಗಿದೆ. ಜೆಂಡರ್ ಐಡೆಂಟಿಟಿಗೂ ಅಷ್ಟೇ ಸಲೀಸಾದ ಮಾತು ನಿಮ್ಮ ಕಡೆ ಯಾರಾದರೂ ಆಡಿದ್ದು ಕೇಳಿದ್ದೀರಾ?