ಅಪ್‌ಡೇಟ್: ಡೊಂಬಿವಲಿಯಲ್ಲಿ ಹಸೆ ಚಿತ್ತಾರ

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಹಗಲು ಕಳೆಯುವುದೇ ಕಷ್ಟವಾಗಿದೆ, 60 ದಾಟಿದವಳು ಚಿತ್ರ ಬರೆಯಲು ಕಲಿಯಬಹುದೇ ಎಂದು 6 ತಿಂಗಳ ಹಿಂದೆ ಕೇಳಿದ್ದೆ. ಕಲಿಯುತ್ತಿದ್ದೇನೆ!

ನಿಮ್ಮಲ್ಲಿ ಹಲವರು ಹೇಳಿದಂತೆ ಮಹಾರಾಷ್ಟ್ರದ ಬುಡಕಟ್ಟು ಚಿತ್ರಕಲೆಯಾದ ವಾರ್ಲಿಯಿಂದ ಆರಂಭಿಸಿದೆ. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುತ್ತಿದ್ದಾಗ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಅಜ್ಜಿಮನೆಯ ಗೋಡೆ ಕಣ್ಣಿಗೆ ಕಟ್ಟಿತು. ನಮ್ಮ ದೀವರ ಸಮುದಾಯದ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವೂ ಕೆಮ್ಮಣ್ಣು, ಅಕ್ಕಿ ಹಿಟ್ಟಿನದೇ ಅಲ್ಲವೇ! ಮುಂಬಯಿಯ ಲೋಕಲ್ ರೈಲಿನ ಓಡಾಟದಲ್ಲಿ ಅದನ್ನು ಮರೆತೇಬಿಟ್ಟಿದ್ದೆ.

ಊರಿಗೆ ಹೋಗಿ ಚಿಕ್ಕಮ್ಮನ ಪಕ್ಕದಲ್ಲಿ 15 ದಿನ ಕುಳಿತೆ. ಕುಂಚವೆಂದರೆ ಪುಂಡಿ ಗಿಡದ ನಾರು. ತುದಿಯನ್ನು ಜಜ್ಜಿ ಎಳೆ ಬಿಡಿಸಬೇಕು. ಕಪ್ಪು ಬಣ್ಣಕ್ಕೆ ಅಕ್ಕಿಯನ್ನು ಕರಿಯಾಗುವವರೆಗೆ ಹುರಿದು ಅರೆಯಬೇಕು. “ನಡುವೆ ಕೈ ಎತ್ತಬೇಡ ಮಗಳೇ, ಗೆರೆ ಮುರಿಯುತ್ತದೆ” ಎನ್ನುತ್ತಿದ್ದರು ಚಿಕ್ಕಮ್ಮ. ಅವರ ಕಣ್ಣಿಗೆ ಒಪ್ಪುವ ಒಂದು ನೇರ ಗೆರೆ ಬಂದದ್ದು 9ನೆಯ ದಿನ. ಆ ಸಂತೋಷ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಈಗ ಇಲ್ಲಿ, ಹಲಗೆಗೆ ಕೆಮ್ಮಣ್ಣು ಬಳಿದು ಮೊದಲ ಚಿತ್ತಾರ ಹಿಡಿದಿದ್ದೇನೆ. ಮಳೆಗಾಲದ ತೇವಕ್ಕೆ ಮಣ್ಣು ಬೇಗ ಒಣಗುವುದಿಲ್ಲ. ಅಂಚು ಮುಗಿದಿದೆ, ಒಳಗಿನ ಎಳೆಗಳು ಬಾಕಿ. ಪಕ್ಕದ ಮನೆಯ ಮರಾಠಿ ಹುಡುಗಿ ದಿನವೂ ಸಂಜೆ ಬಂದು ಬಟ್ಟಲು ಹಿಡಿದುಕೊಳ್ಳುತ್ತಾಳೆ.